ಎರಡು ಸಲ ಬರೆದು, ಮೂರು ಸಲ ಓದಿದ ಕೆಮಿಸ್ಟ್ರಿ

ಪಿಯು ಪರೀಕ್ಷೆ ದಿನಗಳಲ್ಲಿ ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಹೊತ್ತು ನಿಂತು ನೋಡಿ. ವಿಜಯಪುರ, ಕುಂದಾಣದ ಕಡೆ ಬಸ್ಸಿಗೆ ಕಾಯುವ ಮಕ್ಕಳ ಕೈಯಲ್ಲಿ ಪ್ರಶ್ನೆಪತ್ರಿಕೆ ಇರುತ್ತದೆ.

"ಹಾಫ್ ಲೈಫ್ ಲೆಕ್ಕ ಹೆಂಗ್ ಮಾಡ್ದೆ?"

"0.693ನ ಕೆ ಇಂದ ಭಾಗಿಸ್ದೆ."

"ಅಯ್ಯೋ, ನಾನು ಗುಣಿಸ್ಬಿಟ್ಟೆ ಕಣೇ!"

ಕೆಮಿಸ್ಟ್ರಿ ದಿನ ಈ ಮಾತು ಸ್ವಲ್ಪ ಜಾಸ್ತಿಯೇ. ಉತ್ತರ ತಾಳೆ ನೋಡಿ ಯಾರಿಗೂ ಮಾರ್ಕ್ಸ್ ಹೆಚ್ಚಾಗುವುದಿಲ್ಲ, ಆದರೂ ನೋಡದೆ ಇರಲಾಗುವುದಿಲ್ಲ. ನಾವೂ ನೋಡಿದವರೇ. ಎಲ್ಲರೂ ಒಂದೇ ಗಂಟೆಗೆ ಒಂದೇ ಪತ್ರಿಕೆ ಬಿಚ್ಚಿದ್ದೇವೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಈ ಮಾತಿಗೆ ಅರ್ಥ. 2016ರಲ್ಲಿ ಆ ನಂಬಿಕೆಯೇ ಮುರಿದುಬಿತ್ತು.

ಆ ವರ್ಷ ಮಾರ್ಚ್ 21, ಸೋಮವಾರ ದ್ವಿತೀಯ ಪಿಯು ರಸಾಯನಶಾಸ್ತ್ರ ಪರೀಕ್ಷೆ. ನಮ್ಮ ಮನೆಯ ಹುಡುಗಿಯೊಬ್ಬಳೂ ಬರೆದಳು. ಬಂದವಳೇ ಊಟಕ್ಕೂ ಕೂರದೆ ಗೆಳತಿಗೆ ಫೋನ್ ಮಾಡಿ ಉತ್ತರ ಕೇಳುತ್ತಿದ್ದಳು. ಅಷ್ಟರಲ್ಲಿ ಟಿವಿಯಲ್ಲಿ ಬೇರೆಯದೇ ಸುದ್ದಿ. ಕೈಬರಹದ ಪ್ರಶ್ನೆಗಳು ಪರೀಕ್ಷೆಗೆ ಮೊದಲೇ ವಾಟ್ಸಾಪಿನಲ್ಲಿ ಓಡಾಡಿದ್ದವು, ಅಸಲಿ ಪತ್ರಿಕೆಗೂ ಅದಕ್ಕೂ ತಾಳೆಯಾಗಿತ್ತು. ಪರೀಕ್ಷೆ ರದ್ದಾಯಿತು. ರಾಜ್ಯದಲ್ಲಿ ಸುಮಾರು 1.74 ಲಕ್ಷ ಮಕ್ಕಳು ಮತ್ತೆ ಬರೆಯಬೇಕಾಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಜಿಯೋ ಬಂದಿದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ. ಮಾರ್ಚಿನಲ್ಲಿ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಬಟನ್ ಫೋನೇ ಇತ್ತು, ನೆಟ್ ಪ್ಯಾಕ್ ಅಂದರೆ ಕೂಲಿ ದುಡ್ಡು ಲೆಕ್ಕ ಹಾಕಿ ಹಾಕಿಸುವಂಥದ್ದು. ಸೋರಿದ ಪತ್ರಿಕೆ ಈ ಮಕ್ಕಳ ಹತ್ತಿರ ಸುಳಿಯಲೂ ಇಲ್ಲ. ಮರುಪರೀಕ್ಷೆ ಮಾತ್ರ ಅವರಿಗೂ ಬಂತು.

ಮರುಪರೀಕ್ಷೆ ಮಾರ್ಚ್ 31ಕ್ಕೆ ಅಂದರು. ಹತ್ತು ದಿನ ಮತ್ತೆ ಅದೇ ಪುಸ್ತಕ. ಅವತ್ತು ಬೆಳಿಗ್ಗೆ ನಮ್ಮ ಹುಡುಗಿ ಹಾಲ್ ಟಿಕೆಟ್ ಹಿಡಿದು ಹೊರಟಿದ್ದಳು. ಪತ್ರಿಕೆ ಮತ್ತೆ ಸೋರಿತ್ತು! ಪರೀಕ್ಷೆಗೆ ಕೆಲವೇ ಗಂಟೆ ಮೊದಲು ರದ್ದು. ಸುದ್ದಿ ಗೊತ್ತಿಲ್ಲದೆ ಕೇಂದ್ರದ ತನಕ ಹೋದ ಮಕ್ಕಳು ರಾಜ್ಯದ ಎಲ್ಲ ಕಡೆ ಇದ್ದರು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಪಿಯು ಮಂಡಳಿ ಎದುರು ಮಕ್ಕಳು, ತಂದೆತಾಯಿ ಸೇರಿ ಪ್ರತಿಭಟನೆ ಮಾಡಿದರು. ಕಿಮ್ಮನೆ ರತ್ನಾಕರ್ ಆಗ ಶಿಕ್ಷಣ ಸಚಿವರು. ಮಂಡಳಿಯ ಸಿಬ್ಬಂದಿಯ ಅಮಾನತು ಆಯಿತು, ತನಿಖೆ ಸಿಐಡಿ ಕೈಯಲ್ಲಿತ್ತು. ಸಿಕ್ಕಿಬಿದ್ದವರಲ್ಲಿ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರೂ ಇದ್ದರು, ಲೋಕೋಪಯೋಗಿ ಇಲಾಖೆಯ ನೌಕರರೂ ಇದ್ದರು.

ಏಪ್ರಿಲ್ 8ಕ್ಕೆ ಯುಗಾದಿ. ಮನೆಯಲ್ಲಿ ಹೋಳಿಗೆ ಬೇಯುತ್ತಿದ್ದರೆ ಅವಳು ಮೂಲೆಯಲ್ಲಿ ಕೂತು ಆರ್ಗ್ಯಾನಿಕ್ ರಿಯಾಕ್ಷನ್ ಬರೆದು ನೋಡುತ್ತಿದ್ದಳು. "ಹಬ್ಬದ ದಿನನಾದ್ರೂ ಬಿಡೇ" ಅಂತ ಅಜ್ಜಿ ಗದರಿದರೆ, "ಬಿಟ್ರೆ ಸೀಟ್ ಕೊಡಿಸ್ತೀಯಾ ಅಜ್ಜಿ?" ಅಂದಳು. ಅವಳ ಮಾತು ಸುಳ್ಳಲ್ಲ. ಇಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಅರ್ಧ ಸಿಇಟಿ, ಇನ್ನರ್ಧ ಪಿಯು ಅಂಕ. ಕೆಮಿಸ್ಟ್ರಿಯಲ್ಲಿ ಪ್ರಾಕ್ಟಿಕಲ್ಲಿಗೆ 30, ಬರೆಯುವುದಕ್ಕೆ 70. ಆ ಎಪ್ಪತ್ತೇ ಗಾಳಿಯಲ್ಲಿ ತೂಗುತ್ತಿತ್ತು, ಮೇ ಮೊದಲ ವಾರದಲ್ಲಿ ಸಿಇಟಿ ಬೇರೆ. ಇದರ ನಡುವೆ ಸಂಬಳದ ಬೇಡಿಕೆ ಇಟ್ಟು ಉಪನ್ಯಾಸಕರು ಮೌಲ್ಯಮಾಪನ ಬಹಿಷ್ಕರಿಸಿದ್ದರು. ಅವರ ಬೇಡಿಕೆ ನ್ಯಾಯವೇ ಇರಬಹುದು, ಆದರೆ ಆ ವರ್ಷದ ಮಕ್ಕಳಿಗೆ ಏಟಿನ ಮೇಲೆ ಏಟು.

ಕೊನೆಗೆ ಏಪ್ರಿಲ್ 12, ಮಂಗಳವಾರ ಪರೀಕ್ಷೆ ನಡೆಯಿತು. ಮುಂದಿನ ವರ್ಷದಿಂದ ಹೊಸ ಸುರಕ್ಷಾ ವ್ಯವಸ್ಥೆ ತಂದರು, ಪತ್ರಿಕೆ ಇಡುವ ಖಜಾನೆಗಳಿಗೆ ಸಿಸಿ ಕ್ಯಾಮೆರಾ ಕಣ್ಣು ಬಿತ್ತು. 2024ರಲ್ಲಿ ಸರ್ಕಾರವೇ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟಿತು, ಬೇಕಾದವರು ಮತ್ತೆ ಬರೆಯಬಹುದಿತ್ತು. ಬೇಕಾಗಿ ಬರೆಯುವುದು ಬೇರೆ, 2016ರವರು ಬರೆದದ್ದು ಬೇರೆ.

ಅವತ್ತು ಅವಳನ್ನು ಕರೆತರಲು ನಾವೇ ಬೈಕಿನಲ್ಲಿ ಹೋಗಿದ್ದೆವು. ಗೇಟಿನ ಹತ್ತಿರ ಮಕ್ಕಳು ಗುಂಪಾಗಿ ನಿಂತಿದ್ದರು, ಆದರೆ ಯಾರೂ ಉತ್ತರದ ಮಾತೆತ್ತಲಿಲ್ಲ. ಒಬ್ಬ ಹುಡುಗ ಮೊಬೈಲ್ ಹಿಡಿದು ಸುದ್ದಿ ನೋಡುತ್ತಿದ್ದ. ಸುತ್ತ ನಿಂತವರೆಲ್ಲ ಕೇಳುತ್ತಿದ್ದದ್ದು ಒಂದೇ: "ಇದೂ ಲೀಕ್ ಆಗಿದ್ಯೇನೋ?"

"ಇನ್ನೂ ಏನೂ ಬಂದಿಲ್ಲ" ಅಂದ ಅವನು. ಬೈಕ್ ಹತ್ತಿದ ಮೇಲೆ, ಅರ್ಧ ದಾರಿಯಲ್ಲಿ, ಅವಳು ಹಿಂದಿನಿಂದ ಕೇಳಿದಳು: "ಅಣ್ಣ, ಸಂಜೆ ತನಕ ಕಾದು ನೋಡಿ ಆಮೇಲೆ ಪುಸ್ತಕ ಎತ್ತಿಡ್ಲಾ?"