ಚಳಿಗಾಲವಿಲ್ಲದ ನಾಡಿನಲ್ಲಿ ಹಳೆಯ ಬಳ್ಳಿ

ದಾವಣಗೆರೆಯ ನನ್ನ ಮಿತ್ರರೊಬ್ಬರ ಮಗ ಫ್ರಾನ್ಸಿನಿಂದ ರಜೆಗೆ ಬಂದಾಗ ಒಂದು ಬಾಟಲಿ ಕೆಂಪು ವೈನ್ ತಂದಿದ್ದ. ಮನೆಯಲ್ಲಿ ಕುಡಿಯುವವರು ಯಾರೂ ಇಲ್ಲದ ಕಾರಣ ಅದು ಷೋಕೇಸಿನಲ್ಲಿ ಗೊಂಬೆಗಳ ನಡುವೆ ನಿಂತಿತು. ಲೇಬಲ್ಲಿನ ಮೇಲೆ 'ವಿಯೇ ವೀನ್ಯ', ಅಂದರೆ 'ಹಳೆಯ ಬಳ್ಳಿಗಳು' ಎಂದಿತ್ತು. ತೋಟ ಒಂದೇ ಕುಟುಂಬದ್ದು, ಬಳ್ಳಿಗಳಿಗೆ 40 ವರ್ಷ ಎಂದು ಹಿಂಬದಿಯಲ್ಲಿ ಅಚ್ಚಾಗಿತ್ತು. ಮಿತ್ರರು ಕೇಳಿದರು: "ವೈನ್ ಹಳೆಯದಾದಷ್ಟೂ ಒಳ್ಳೆಯದು ಎಂದು ಕೇಳಿದ್ದೇನೆ. ಬಳ್ಳಿ ಹಳೆಯದಾದರೆ ಏನು? ನಮ್ಮ ಕಡೆ ಅಂಥ ಬಳ್ಳಿ ಏಕಿಲ್ಲ?" ಮದ್ಯಪಾನದ ಪ್ರಚಾರ ನನ್ನ ಉದ್ದೇಶವಲ್ಲ. ಆದರೆ ಈ ಎರಡನೆಯ ಪ್ರಶ್ನೆ ನನ್ನನ್ನು ಇತಿಹಾಸಕ್ಕೂ, ಅಲ್ಲಿಂದ ಉಷ್ಣಮಾಪಕಕ್ಕೂ ಕರೆದೊಯ್ದಿತು.

ಮೊದಲು 'ಹಳೆಯದು' ಎಂದರೆ ಎಷ್ಟು ಎಂದು ನೋಡೋಣ. ಫ್ರಾನ್ಸಿನ ಲೇಬಲ್ಲಿನ ಆ ಮಾತಿಗೆ ಕಾನೂನಿನಲ್ಲಿ ನಿರ್ದಿಷ್ಟ ವ್ಯಾಖ್ಯೆಯಿಲ್ಲ. ಆಸ್ಟ್ರೇಲಿಯಾದ ಬರೋಸಾ ಕಣಿವೆಯವರು 2009ರಲ್ಲಿ 35 ವರ್ಷ ದಾಟಿದ ಬಳ್ಳಿಯನ್ನು ಹಳೆಯದೆಂದು ಕರೆದುಕೊಂಡರು. ದ್ರಾಕ್ಷಿ ಮತ್ತು ವೈನಿನ ಅಂತರರಾಷ್ಟ್ರೀಯ ಸಂಸ್ಥೆಯೂ 2024ರಲ್ಲಿ ಇದೇ 35ರ ಗಡಿಯನ್ನು ಒಪ್ಪಿತು. ಹಾಗೆಂದು ಬಳ್ಳಿಯ ಆಯುಸ್ಸು ಅಲ್ಲಿಗೆ ಮುಗಿಯುವುದಿಲ್ಲ. ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಬಳ್ಳಿಯನ್ನು ನೆಟ್ಟದ್ದು 1768ರಲ್ಲಿ. ಸ್ಲೊವೇನಿಯಾದ ಮರಿಬೋರ್ ಪಟ್ಟಣದಲ್ಲಿ ಮನೆಯೊಂದರ ಗೋಡೆಗೆ ಹಬ್ಬಿರುವ ಬಳ್ಳಿಗೆ 400 ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ. ಅದು ಇಂದಿಗೂ ಹಣ್ಣು ಬಿಡುತ್ತದೆ. ಇಂಥವು ಅಪರೂಪ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಯೂರೋಪಿನ ತೋಟಗಳನ್ನು ಹಾಳುಮಾಡಿತು. ಅಮೆರಿಕದ ಬಳ್ಳಿಯ ಬೇರಿಗೆ ಯೂರೋಪಿನ ಬಳ್ಳಿಯನ್ನು ಕಸಿ ಮಾಡಿಯೇ ತೋಟಗಳನ್ನು ಮತ್ತೆ ಎಬ್ಬಿಸಬೇಕಾಯಿತು.

ಹಳೆಯ ಬಳ್ಳಿ ಕಡಿಮೆ ಗೊಂಚಲು ಬಿಡುತ್ತದೆ, ಅದರ ಬೇರು ಆಳಕ್ಕೆ ಇಳಿದಿರುತ್ತದೆ, ಆದ್ದರಿಂದ ಹಣ್ಣಿನ ರುಚಿ ಗಾಢ ಎಂಬುದು ಬೆಳೆಗಾರರ ನಂಬಿಕೆ. ಇದರಲ್ಲಿ ಸತ್ಯಾಂಶವಿದೆ. ಆದರೆ ಅಳತೆಗೆ ಸಿಕ್ಕಿರುವುದಕ್ಕಿಂತ ಹೊಗಳಿಕೆಯೇ ಹೆಚ್ಚು ಎಂದು ನನಗನ್ನಿಸುತ್ತದೆ.

ಈಗ ನಮ್ಮ ಊರಿಗೆ ಬರೋಣ. ಹರಿಹರದ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡಿ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಬಳಿ ಹರಿಯುವ ಈ ನೀರೇ ಮುಂದೆ ಹಂಪಿಗೆ ಹೋಗುತ್ತದೆ. ಅಲ್ಲಿಗೆ 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ಪೇಟೆಯಲ್ಲಿ ಮಾರುತ್ತಿದ್ದ ಹಣ್ಣುಗಳಲ್ಲಿ ನಿಂಬೆ, ಕಿತ್ತಳೆಗಳ ಜೊತೆಗೆ ದ್ರಾಕ್ಷಿಯನ್ನೂ ಹೆಸರಿಸುತ್ತಾನೆ. ಅಂದರೆ ದ್ರಾಕ್ಷಿ ಈ ನದಿಗೆ ಹೊಸಬನಲ್ಲ. ಪಾಯೆಸ್ ಬಂದುಹೋದ ಸುಮಾರು ಒಂದು ಶತಮಾನದೊಳಗೆ ನೆಟ್ಟ ಮರಿಬೋರಿನ ಬಳ್ಳಿ ಇನ್ನೂ ಇದೆ. ನಮ್ಮ ನದಿದಂಡೆಯಲ್ಲಿ ಅಂಥದೊಂದು ಏಕೆ ಉಳಿಯಲಿಲ್ಲ? ಯುದ್ಧ, ಬರ, ಭತ್ತದ ಆಸೆ ಎಂದು ಕಾರಣ ಹೇಳಬಹುದು. ಭೌತಶಾಸ್ತ್ರದವನಿಗೆ ಕಾಣುವ ಕಾರಣ ಬೇರೆ: ನಮ್ಮಲ್ಲಿ ಬಳ್ಳಿಗೆ ನಿದ್ದೆಯಿಲ್ಲ.

ಶೀತ ದೇಶದಲ್ಲಿ ಶರತ್ಕಾಲ ಬಂದೊಡನೆ ಬಳ್ಳಿ ತನ್ನ ಪಿಷ್ಟವನ್ನು ಕಾಂಡಕ್ಕೂ ಬೇರಿಗೂ ಸಾಗಿಸಿ, ಎಲೆ ಉದುರಿಸಿ, ನಾಲ್ಕೈದು ತಿಂಗಳು ಮಲಗುತ್ತದೆ. ಗಿಡದ ಬೆಳವಣಿಗೆಗೆ ದಿನಗಳಿಗಿಂತ ಅದಕ್ಕೆ ಒದಗಿದ ಉಷ್ಣತೆಯ ಮೊತ್ತ ಮುಖ್ಯ ಎಂಬ ವಿಚಾರವನ್ನು ಫ್ರಾನ್ಸಿನ ರೋಮರ್ 1735ರಲ್ಲೇ ಮುಂದಿಟ್ಟಿದ್ದ. ಉಷ್ಣಮಾಪಕಕ್ಕೆ ಹೆಸರಾದ ಅದೇ ರೋಮರ್. ಕ್ಯಾಲಿಫೋರ್ನಿಯಾದ ಅಮರೀನ್ ಮತ್ತು ವಿಂಕ್ಲರ್ 1944ರಲ್ಲಿ ಇದನ್ನು ದ್ರಾಕ್ಷಿಗೆ ಅಳವಡಿಸಿದರು. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಳ್ಳಿ ಬೆಳೆಯದು. ಆದ್ದರಿಂದ ಪ್ರತಿ ದಿನದ ಸರಾಸರಿ ಉಷ್ಣತೆಯಿಂದ 10 ಕಳೆದು, ಉಳಿದದ್ದನ್ನು ಕೂಡಿಸುತ್ತ ಹೋಗಬೇಕು. ಸಿಗುವ ಮೊತ್ತಕ್ಕೆ 'ಡಿಗ್ರಿ-ದಿನ' ಎಂಬ ಏಕಮಾನ.

ಲೆಕ್ಕವನ್ನು ನೀವೇ ಮಾಡಿ. ಇಪ್ಪತ್ತನೇ ಶತಮಾನದ ಮಧ್ಯಭಾಗದ ಬೋರ್ಡೋ ಸೀಮೆಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸುಮಾರು 1,400ರಿಂದ 1,500 ಡಿಗ್ರಿ-ದಿನ ಬರುತ್ತದೆ. ಉಳಿದ ತಿಂಗಳುಗಳು ಬಹುಪಾಲು ಸೊನ್ನೆ. ದಾವಣಗೆರೆಯ ವಾರ್ಷಿಕ ಸರಾಸರಿ 25 ಡಿಗ್ರಿ ಎಂದಿಟ್ಟುಕೊಳ್ಳಿ. 25ರಲ್ಲಿ 10 ಕಳೆದರೆ 15. ಅದನ್ನು 365ರಿಂದ ಗುಣಿಸಿದರೆ 5,475. ಬೋರ್ಡೋ ಬಳ್ಳಿ ಸುಮಾರು ಮೂರೂಮುಕ್ಕಾಲು ವರ್ಷದಲ್ಲಿ ಕಾಣುವ ಉಷ್ಣತೆಯನ್ನು ನಮ್ಮ ಬಳ್ಳಿ ಒಂದೇ ವರ್ಷದಲ್ಲಿ ಕಂಡುಬಿಡುತ್ತದೆ. ಇದು ಸ್ಥೂಲ ಲೆಕ್ಕ. ಏಪ್ರಿಲ್‌ನ 38 ಡಿಗ್ರಿ ಬಿಸಿಲು ಬಳ್ಳಿಯನ್ನು ಬೆಳೆಸುವ ಬದಲು ಬಳಲಿಸುತ್ತದೆ. ಆದರೂ ಅನುಪಾತವೇನೋ ಕಣ್ಣಿಗೆ ಹೊಡೆಯುವಂತಿದೆ.

ನಿದ್ದೆ ಬಾರದ ಬಳ್ಳಿಯನ್ನು ರೈತ ಕತ್ತರಿಯಿಂದ ಆಳುತ್ತಾನೆ. ಬಿಜಾಪುರದ ಕಡೆಯವರು ಇದಕ್ಕೆ ಚಾಟನಿ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಒಂದು ಚಾಟನಿ, ಮುಂದಿನ ಫಸಲಿನ ಕಡ್ಡಿಗಳನ್ನು ಬೆಳೆಸಲು. ಅಕ್ಟೋಬರ್‌ನಲ್ಲಿ ಇನ್ನೊಂದು, ಹಣ್ಣಿಗಾಗಿ. ಚಳಿ ಮಾಡಬೇಕಾದ ಕೆಲಸವನ್ನು ಹೈಡ್ರೋಜನ್ ಸಯನಮೈಡ್ ದ್ರಾವಣ ಮಾಡುತ್ತದೆ. ಅದನ್ನು ಹಚ್ಚಿದರೆ ಮೊಗ್ಗುಗಳು ಒಟ್ಟಿಗೆ ಒಡೆಯುತ್ತವೆ. ಪ್ರತಿ ಚಾಟನಿಯೂ ಕಾಂಡಕ್ಕೆ ಗಾಯ, ಪ್ರತಿ ಹೊಸ ಚಿಗುರೂ ಬೇರಿನ ಉಳಿತಾಯದ ಖರ್ಚು. ನಮ್ಮ ತೋಟಗಳು ಸಾಮಾನ್ಯವಾಗಿ 15-20 ವರ್ಷಕ್ಕೆ ಸೊರಗುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಕರ್ನಾಟಕದಲ್ಲಿ ಕುಟುಂಬವೊಂದು ಕೆಂಪು ವೈನಿನ ತೋಟ ಮಾಡಿದ್ದೇ ಇಲ್ಲವೆ? ಇದೆ. ಫ್ರೆಂಚ್ ಕಂಪನಿಗಳೊಂದಿಗೆ ವ್ಯವಹಾರವಿದ್ದ ಉದ್ಯಮಿ ಕನ್ವಲ್ ಗ್ರೋವರ್, ಷಾಂಪೇನ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಹಲವು ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪಿಸಿದರು. ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಬೆರೆಸಿದ ಅವರ 'ಲಾ ರಿಸರ್ವ್' ಹೆಸರು ಮಾಡಿತು. 2012ರಲ್ಲಿ ನಾಸಿಕದ ಕಂಪನಿಯೊಂದಿಗೆ ವಿಲೀನವಾಗಿ ಅದು ಗ್ರೋವರ್ ಜಂಪಾ ಆಯಿತು. ನಂದಿಯೇ ಏಕೆ? ಅಲ್ಲಿನ ನೆಲ ಸುಮಾರು 900 ಮೀಟರ್ ಎತ್ತರ, ದಾವಣಗೆರೆ ಸುಮಾರು 600. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಅಲ್ಲಿ ಸುಮಾರು 2 ಡಿಗ್ರಿ ತಂಪು. ವರ್ಷಕ್ಕೆ 700 ಡಿಗ್ರಿ-ದಿನ ಕಡಿಮೆ, ಎಂದರೆ ಬೋರ್ಡೋದ ಅರ್ಧ ವರ್ಷದ ಉಳಿತಾಯ! 1988ರಲ್ಲಿ ನೆಟ್ಟ ಬಳ್ಳಿ ಎಲ್ಲಾದರೂ ಉಳಿದಿದ್ದರೆ, 35ರ ನಿಯಮದಂತೆ ಅದು 'ಹಳೆಯದು' ಆದದ್ದು 2023ರಲ್ಲಿ.

ಅದಕ್ಕೂ ಮುಂಚಿನಿಂದ ಆ ಭಾಗದ ಸಣ್ಣ ಹಿಡುವಳಿಗಳಲ್ಲಿ ಇರುವುದು ಬೆಂಗಳೂರು ನೀಲಿ ದ್ರಾಕ್ಷಿ. ಇದು ಅಮೆರಿಕದ ಲಬ್ರುಸ್ಕಾ ಬಳ್ಳಿಯ ರಕ್ತವಿರುವ ಇಸಾಬೆಲ್ಲಾ ತಳಿಯೇ ಎಂಬುದು ಸಾಮಾನ್ಯ ಅಭಿಪ್ರಾಯ. ಒತ್ತಿದರೆ ಸಿಪ್ಪೆ ಕಳಚಿ ತಿರುಳು ಜಾರುವುದು, ಮೂಗಿಗೆ ಬಡಿಯುವ ಆ ಪರಿಮಳ, ಎರಡೂ ಅದರ ಗುರುತು. ಇಸಾಬೆಲ್ಲಾವನ್ನು ಫ್ರಾನ್ಸ್ 1930ರ ದಶಕದಲ್ಲಿ ವೈನಿಗೆ ನಿಷೇಧಿಸಿತು. ನಮ್ಮಲ್ಲಿ ಬೆಂಗಳೂರು ನೀಲಿಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. ಇದನ್ನು ವರ್ಷಕ್ಕೆ ಎರಡು ಬಾರಿ ಸವರಿ ಎರಡು ಬೆಳೆ ತೆಗೆಯುತ್ತಾರೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ಜಮೀನಿನ ಬೆಲೆ ಏರಿತು. ಅಲ್ಲಿ ಬಳ್ಳಿಯ ಆಯುಸ್ಸನ್ನು ಹವೆಯೊಂದೇ ನಿರ್ಧರಿಸುವ ಕಾಲ ಹೋಯಿತು.

ಮಿತ್ರರಿಗೆ ನಾನು ಕೊಟ್ಟ ಉತ್ತರ ಇಷ್ಟು. ಗಡಿಯಾರವೆಂದರೆ ಪುನರಾವರ್ತನೆಯ ಎಣಿಕೆ; ಬಳ್ಳಿಗೆ ಯಾವ ಗಡಿಯಾರ ಹಿಡಿಯುತ್ತೀರಿ ಎಂಬುದರ ಮೇಲೆ ವಯಸ್ಸು. ನಿಮ್ಮ ಷೋಕೇಸಿನ ಬಾಟಲಿಯ ಬಳ್ಳಿಗಳು 40 ವರ್ಷದಲ್ಲಿ 40 ಬಾರಿ ಕತ್ತರಿ ಕಂಡಿವೆ. ದೇವನಹಳ್ಳಿಯ ಚಪ್ಪರದಲ್ಲಿ 20 ವರ್ಷದ ಬೆಂಗಳೂರು ನೀಲಿ ಬಳ್ಳಿಯೊಂದಿದ್ದರೆ, ಅದೂ 40 ಬಾರಿ ಕಂಡಿರುತ್ತದೆ.