ಯಾರೂ ಆಡದ ನುಡಿಗೂ ನಿಘಂಟಿದೆ ಕಣ್ರೀ..

2015ರಲ್ಲಿ ಬಂದ ‘ಬಾಹುಬಲಿ’ ನೋಡಿದವರಿಗೆಲ್ಲ ಕಾಲಕೇಯರು ನೆನಪಿರುತ್ತಾರೆ. ಮೈಗೆಲ್ಲ ಮಸಿ ಬಳಕೊಂಡು, ಹಲ್ಲು ಕಡಿಯುತ್ತಾ, ನಾಲಿಗೆ ಲೊಟಕಿಸುತ್ತಾ ಅವರ ನಾಯಕ ಏನೇನೋ ಕಿರುಚುತ್ತಾನಲ್ಲ, ಅದು ಬಾಯಿಗೆ ಬಂದ ಹಾಗೆ ಒದರಿದ್ದಲ್ಲ. ಅದಕ್ಕೊಂದು ಹೆಸರಿದೆ, ‘ಕಿಲಿಕಿ’. ತಮಿಳಿನ ಚಿತ್ರಸಾಹಿತಿ ಮದನ್ ಕಾರ್ಕಿ ಕೂತು ಕಟ್ಟಿದ ಭಾಷೆ. ಸಿನಿಮಾ ಹೊತ್ತಿಗೆ ಸುಮಾರು 750 ಪದ, 40 ವ್ಯಾಕರಣ ನಿಯಮ ಸಿದ್ಧವಾಗಿದ್ದವು. ಕಾರ್ಕಿ ಕಂಪ್ಯೂಟರ್ ಸೈನ್ಸಲ್ಲಿ ಪಿಎಚ್.ಡಿ. ಮಾಡಿದವರು, ಅಣ್ಣಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ನಮ್ಮ ಪೈಕಿಯವರೇ ಅನ್ನಿ! ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾಗ ಮಕ್ಕಳ ಜೊತೆ ಆಟಕ್ಕೆಂದು ಕಟ್ಟಿದ ಪುಟ್ಟ ಭಾಷೆಯೇ ಇದರ ಬೀಜ. ಅದರಲ್ಲಿ ‘ಮಿನ್’ ಅಂದರೆ ನಾನು, ತಿರುಗಿಸಿ ‘ನಿಮ್’ ಅಂದರೆ ನೀನು. ಕನ್ನಡದವರಿಗೆ ಈ ‘ನಿಮ್’ ಕೇಳಿದರೆ ಎಲ್ಲೋ ನೆಂಟಸ್ತನ ಇದ್ದಂತೆ ಅನಿಸುತ್ತೆ. ಚಿತ್ರದ ನಿರ್ದೇಶಕ ರಾಜಮೌಳಿ ಹುಟ್ಟಿದ್ದೂ ನಮ್ಮ ರಾಯಚೂರು ಜಿಲ್ಲೆಯಲ್ಲೇ.

ವಿಷಯ ಸಿನಿಮಾದ್ದಲ್ಲ. 2020ರ ಫೆಬ್ರವರಿ 21ರಂದು, ಅಂದರೆ ವಿಶ್ವ ತಾಯ್ನುಡಿ ದಿನದಂದು, ಕಿಲಿಕಿಗೆ ಒಂದು ತಾಣ ಶುರುವಾಯಿತು. ಲಿಪಿ, ಅಂಕಿ, ವ್ಯಾಕರಣ, ಪದಗಳು ಎಲ್ಲ ಪುಕ್ಕಟೆ. ಯಾವ ತಾಯಿಯೂ ಮಗುವಿಗೆ ಕಲಿಸದ ನುಡಿಗೆ ತಾಯ್ನುಡಿ ದಿನದಂದು ನಿಘಂಟು! ನಗಬೇಕೋ ಹೊಟ್ಟೆಕಿಚ್ಚು ಪಡಬೇಕೋ ಗೊತ್ತಾಗಲಿಲ್ಲ. ಆಮೇಲೆ ಈ ಕಟ್ಟುನುಡಿಗಳ ನಿಘಂಟುಗಳ ಹಿಂದೆ ಬಿದ್ದೆ. ಅದರ ಚರಿತ್ರೆ ಹಿಡಿದು ಹೋದರೆ ಒಂದು ದಾರಿ ಕೊಡಗಿಗೆ, ಇನ್ನೊಂದು ನಮ್ಮ ಮೊಳಕಾಲ್ಮುರಿನ ಬಂಡೆಗೆ ಬಂದು ಮುಟ್ಟಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕೂ ದೊಡ್ಡಣ್ಣ ಟೋಲ್ಕಿನ್. ‘ದ ಲಾರ್ಡ್ ಆಫ್ ದ ರಿಂಗ್ಸ್’ 1954–55ರಲ್ಲಿ ಬಂತು. ಈ ಮನುಷ್ಯ ಮೊದಲು ಭಾಷೆ ಕಟ್ಟಿ, ಅದನ್ನಾಡುವ ಜನ ಬೇಕಲ್ಲ ಅಂತ ಆಮೇಲೆ ಕಥೆ ಕಟ್ಟಿದವರು. ಕ್ವೆನ್ಯಾ, ಸಿಂಡರಿನ್ ಅಂತ ಎರಡು ಮುಖ್ಯ ಎಲ್ಫ್ ನುಡಿಗಳು. ತೊಂದರೆ ಏನಂದ್ರೆ ಪುಣ್ಯಾತ್ಮ ಜೀವನಪೂರ್ತಿ ಪದಗಳನ್ನು ತಿದ್ದುತ್ತಲೇ ಇದ್ದರು. 1973ರಲ್ಲಿ ಅವರು ತೀರಿಕೊಂಡ ಮೇಲೆ ಕರಡುಗಳು ಒಂದೊಂದಾಗಿ ಅಚ್ಚಾಗುತ್ತಾ ಬಂದವು. ಒಂದೇ ಪದಕ್ಕೆ ಒಂದು ಕಾಲದಲ್ಲಿ ಒಂದರ್ಥ, ಇನ್ನೊಂದು ಕಾಲದಲ್ಲಿ ಮತ್ತೊಂದು. ಇದನ್ನೆಲ್ಲ ಹೊಂದಿಸಿಡಲು ಅಭಿಮಾನಿಗಳು ಉಚಿತ ಅಂತರ್ಜಾಲ ನಿಘಂಟುಗಳನ್ನು ಕಟ್ಟಿದರು. ‘ಪಾರ್ಫ್ ಎಧೆಲ್ಲೆನ್’ ಒಂದು, ಪಾಲ್ ಸ್ಟ್ರ್ಯಾಕ್ ಅವರ ‘ಎಲ್ಡಾಮೊ’ ಇನ್ನೊಂದು. ಇವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಶಿಸ್ತು. ಬರೀ ‘ಪದ = ಅರ್ಥ’ ಅಂತ ಬರೆದು ಕೈತೊಳೆದುಕೊಳ್ಳುವುದಿಲ್ಲ. ಈ ಪದ ಎಲ್ಲಿ ಸಿಕ್ಕಿತು ಅಂತ ಪಕ್ಕದಲ್ಲೇ ಇರುತ್ತದೆ. ಎಲ್ಡಾಮೊದಲ್ಲಂತೂ ಟೋಲ್ಕಿನ್ ಬದುಕಿನ ಆರಂಭ, ನಡು, ಕೊನೆ, ಯಾವ ಕಾಲದ್ದು ಅಂತಲೂ ಗುರುತು ಹಾಕಿರುತ್ತಾರೆ. ಡೇಟಾಬೇಸ್ ಜೊತೆ ದಿನಾ ಗುದ್ದಾಡುವ ನನಗೆ ಇದು ದೊಡ್ಡ ಪಾಠ. ಮೂಲ ಹೇಳದ ಡೇಟಾ ಬರೀ ಗಾಳಿಮಾತು.

ಇನ್ನು ಕ್ಲಿಂಗಾನ್. ‘ಸ್ಟಾರ್ ಟ್ರೆಕ್’ ಸಿನಿಮಾಗಳಿಗೆ ಮಾರ್ಕ್ ಓಕ್ರಾಂಡ್ ಎಂಬ ಭಾಷಾಶಾಸ್ತ್ರಜ್ಞ ಕಟ್ಟಿದ ನುಡಿ. 1985ರಲ್ಲೇ ‘ಕ್ಲಿಂಗಾನ್ ಡಿಕ್ಷನರಿ’ ಪುಸ್ತಕವಾಗಿ ಬಂತು. ಇದನ್ನು ಮನಸಾರೆ ಕಲಿತು ಮಾತಾಡುವವರಿದ್ದಾರೆ. ಡ್ಯುವೊಲಿಂಗೊದಲ್ಲಿ 2018ರಲ್ಲಿ ಇದರ ಪಾಠವೂ ಶುರುವಾಯಿತು. ಆ ಹೊತ್ತಿಗೆ ಅಲ್ಲಿ ಕನ್ನಡ ಕಲಿಯುವ ಪಾಠ ಇರಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಓಕ್ರಾಂಡ್ ಕ್ಲಿಂಗಾನಿಗೆ ಮೊದಲು ಏನು ಮಾಡುತ್ತಿದ್ದರು ಗೊತ್ತೇ? 1977ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅವರು ಬರೆದ ಪಿಎಚ್.ಡಿ. ಪ್ರಬಂಧ ‘ಮುತ್ಸುನ್’ ಎಂಬ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ನುಡಿಯ ವ್ಯಾಕರಣ. ಆ ನುಡಿ ಬಲ್ಲ ಕೊನೆಯಾಕೆ ಅಸೆನ್ಸಿಯೋನ್ ಸೊಲೊರ್ಸಾನೊ ಎಂಬ ಅಜ್ಜಿ 1930ರಲ್ಲೇ ತೀರಿಕೊಂಡಿದ್ದರು. ಅಜ್ಜಿಯ ಕೊನೆಯ ದಿನಗಳಲ್ಲಿ ಹ್ಯಾರಿಂಗ್ಟನ್ ಎಂಬ ವಿದ್ವಾಂಸ ಪಕ್ಕದಲ್ಲಿ ಕೂತು ಬರೆದುಕೊಂಡ ಟಿಪ್ಪಣಿಗಳು, ಅದಕ್ಕೂ ನೂರು ವರ್ಷ ಹಿಂದೆ ಒಬ್ಬ ಪಾದ್ರಿ ಬರೆದಿಟ್ಟ ಪದಪಟ್ಟಿ, ಇಷ್ಟೇ ಉಳಿದಿದ್ದು. ಅಂದರೆ ಯಾರೂ ಆಡದ ಕ್ಲಿಂಗಾನನ್ನು ಹುಟ್ಟಿಸಿದವರು, ಆಡುವವರೇ ಇಲ್ಲವಾದ ನುಡಿಯನ್ನು ಕಾಗದದಿಂದ ಹೆಕ್ಕಿ ಜೋಡಿಸಿದವರು! ಅದೇ ಟಿಪ್ಪಣಿಗಳಿಂದ ಮುತ್ಸುನ್ ಜನ ಈಗ ತಮ್ಮ ನುಡಿಯನ್ನು ಮತ್ತೆ ಕಲಿಯುತ್ತಿದ್ದಾರೆ. 2016ರಲ್ಲಿ ಅವರ ನಿಘಂಟೂ ಬಂತು, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಉಚಿತವಾಗಿ.

ಕೊಡಗಿನ ಕೊಂಡಿ ಇಲ್ಲೇ ಇರೋದು. ಬರ್ಕ್ಲಿಯ ಆ ಭಾಷಾಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ.ಬಿ. ಎಮೆನೊ. 1930ರ ದಶಕದಲ್ಲಿ ನೀಲಗಿರಿಯ ತೊದ, ಕೋತ ಜನರ ಜೊತೆ, ನಮ್ಮ ಕೊಡಗಿನಲ್ಲಿ ಕೊಡವರ ಜೊತೆ ಕೂತು ಪದ ಬರೆದುಕೊಂಡ ಮಹಾನುಭಾವ. ಬರೋ ಜೊತೆ ಸೇರಿ ಇವರು ಮಾಡಿದ ದ್ರಾವಿಡ ಪದಮೂಲ ನಿಘಂಟು 1961ರಲ್ಲಿ ಬಂತು, 1984ರಲ್ಲಿ ಎರಡನೇ ಆವೃತ್ತಿ. ಷಿಕಾಗೊ ವಿಶ್ವವಿದ್ಯಾಲಯದವರು ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಕನ್ನಡದ ಪದವೊಂದಕ್ಕೆ ಕೋತ, ಕುಡುಖ್, ಬ್ರಾಹುಈಗಳಲ್ಲಿ ಯಾರು ಅಣ್ಣತಮ್ಮಂದಿರು ಅಂತ ಮನೆಯಲ್ಲೇ ಕೂತು ನೋಡಬಹುದು.

ಈಗ ಒಡೆತನದ ಪ್ರಶ್ನೆ. 2016ರಲ್ಲಿ ಸ್ಟಾರ್ ಟ್ರೆಕ್ ಅಭಿಮಾನಿ ಚಿತ್ರವೊಂದರ ಮೇಲೆ ಹೂಡಿದ್ದ ದಾವೆಯಲ್ಲಿ, ಕ್ಲಿಂಗಾನ್ ಭಾಷೆಯೂ ತಮ್ಮ ಸೊತ್ತು ಅಂತ ಪ್ಯಾರಾಮೌಂಟ್ ವಾದಿಸಿತು. ಭಾಷೆ ಕಟ್ಟುವವರ ಸಂಘವೊಂದು ಕೋರ್ಟಿಗೆ ಹೋಗಿ, ಭಾಷೆ ಅಂದರೆ ಬಳಸುವವರದ್ದು, ಅದಕ್ಕೆ ಹಕ್ಕುಪತ್ರ ಮಾಡಿಸಲಾಗದು ಅಂತ ಅರಿಕೆ ಸಲ್ಲಿಸಿತು. ಅದರಲ್ಲಿ ಅಲ್ಲಲ್ಲಿ ಕ್ಲಿಂಗಾನಲ್ಲೇ ಬರೆದಿದ್ದರು! 2017ರ ಜನವರಿಯಲ್ಲಿ ಇಬ್ಬರೂ ರಾಜಿಯಾದ್ದರಿಂದ ಆ ಪ್ರಶ್ನೆಗೆ ತೀರ್ಪು ಬರಲೇ ಇಲ್ಲ.

ಕನ್ನಡ ಯಾರ ಸೊತ್ತೂ ಅಲ್ಲ, ಸರಿ. ಆದರೆ ಕನ್ನಡ ನಿಘಂಟು? ಪದ ಎಲ್ಲರದ್ದು, ಅದಕ್ಕೆ ಬರೆದ ಅರ್ಥ ಬರೆದವರದ್ದು. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ನಮ್ಮ ನಾಡಿಗೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಪದಗಳ ನಿಘಂಟು ಹೊರತಂದು, 1903ರಲ್ಲಿ ತೀರಿಕೊಂಡರು. ಹಾಗಾಗಿ ಅವರ ಮೂಲ ನಿಘಂಟು ಈಗ ಎಲ್ಲರದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 8 ಸಂಪುಟ. ಮೊದಲನೆಯದು 1970, ಕೊನೆಯದು 1995. ಅದಕ್ಕಾಗಿ ಜೀವ ತೇಯ್ದವರಲ್ಲಿ ಹಿರಿಯರಾದ ಜಿ. ವೆಂಕಟಸುಬ್ಬಯ್ಯನವರು 2021ರವರೆಗೂ, ನೂರೇಳು ತುಂಬಿಸಿಕೊಂಡು, ನಮ್ಮ ಜೊತೆ ಇದ್ದರು. ಹಕ್ಕು ಇರುವ ನಿಘಂಟುಗಳನ್ನು ಅನುಮತಿ ಪಡೆದು ಅಂತರ್ಜಾಲಕ್ಕೆ ಏರಿಸುವ ಕೆಲಸವನ್ನು 2016ರಲ್ಲಿ ಮೈಸೂರಿನ ಭಾರತವಾಣಿ ಶುರುಮಾಡಿತು. ಬ್ಲಾಗಿಗರಿಗೆಲ್ಲ ಪರಿಚಯದ ಬೇಳೂರು ಸುದರ್ಶನ ಅದರ ಹಿಂದೆ ದುಡಿದವರು.

ಕಿಲಿಕಿಗೆ ಸಾಟಿಯಾಗಿ ನಿಲ್ಲಿಸಬೇಕು ಅಂದರೆ ನಾನು ತೋರಿಸುವುದು ‘ಅಲರ್’ ಅನ್ನು. ವಿ. ಕೃಷ್ಣ ಎಂಬುವವರು ಯಾವ ವಿಶ್ವವಿದ್ಯಾಲಯದ ಹಂಗೂ ಇಲ್ಲದೆ, ಸುಮಾರು 40 ವರ್ಷ, ಒಬ್ಬರೇ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು. 1,50,000ಕ್ಕೂ ಹೆಚ್ಚು ಪದ, 2,40,000ಕ್ಕೂ ಹೆಚ್ಚು ಅರ್ಥ. ಮಲಯಾಳಕ್ಕೆ ‘ಓಳಂ’ ಮಾಡಿದ್ದ ಕೈಲಾಶ್ ನಾಧ್ 2019ರಲ್ಲಿ ಇದನ್ನು ತಾಣವಾಗಿ ಬಿಡುಗಡೆ ಮಾಡಿದರು. ಹುಡುಕುವುದು ಮಾತ್ರ ಪುಕ್ಕಟೆಯಲ್ಲ, ಇಡೀ ದತ್ತಾಂಶವೇ ಮುಕ್ತ ಪರವಾನಗಿಯಲ್ಲಿದೆ. ಬೇಕಾದವರು ಇಳಿಸಿಕೊಂಡು ಇನ್ನೊಂದನ್ನು ಕಟ್ಟಬಹುದು. ಉಚಿತ ನಿಘಂಟು ಅಂದಾಗ ನಾವು ಹೋಸ್ಟಿಂಗ್ ಖರ್ಚು ಯಾರು ಕೊಡ್ತಾರೆ ಅಂತ ಕೇಳ್ತೀವಿ. ಅದು ಸಣ್ಣ ಖರ್ಚು ಮಾರಾಯ್ರೆ.. ದೊಡ್ಡ ಖರ್ಚು ಆ 40 ವರ್ಷ.

ಇಷ್ಟೆಲ್ಲ ಆದಮೇಲೆ ನಮ್ಮ ಸೀಮೆಗೆ ಬರೋಣ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಹೊರಜಗತ್ತಿಗೆ ತೋರಿಸಿದರು. ಊರವರಿಗೆ ಅವು ಮೊದಲೇ ಗೊತ್ತಿದ್ದವು. ಬ್ರಹ್ಮಗಿರಿಯದ್ದನ್ನು ‘ಅಕ್ಷರಗುಂಡು’ ಅನ್ನುತ್ತಿದ್ದರು, ಜಟಿಂಗ ರಾಮೇಶ್ವರದಲ್ಲಿ ಬಳೆಗಾರರು ಅದೇ ಬಂಡೆಯ ಮೇಲೆ ಅಂಗಡಿ ಹೂಡುತ್ತಿದ್ದರು. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನ ಹೆಸರು ಚಪಡ. ಕೊನೆಯಲ್ಲಿ ತನ್ನ ಕಸುಬಿನ ಪದವನ್ನು ಮಾತ್ರ, ‘ಲಿಪಿಕರ’ ಅನ್ನುವುದನ್ನು, ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ ಕಡೆ ಬಲದಿಂದ ಎಡಕ್ಕೆ ಬರೆಯುವ ಲಿಪಿ. ನಮ್ಮ ಸೀಮೆಯವರಿಗೆ ಅದು ಕಿಲಿಕಿಗಿಂತ ಕಡೆ!

ಆ ಶಾಸನದಲ್ಲಿ ಸುವರ್ಣಗಿರಿಯಿಂದ ಅಪ್ಪಣೆ ಬಂದದ್ದು ‘ಇಸಿಲ’ದ ಮಹಾಮಾತ್ರರಿಗೆ. ಇಸಿಲ ಅಂದರೆ ಈ ಊರೇ. ಡಿ.ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರು ಇದನ್ನು ಬಾಣ ಬಿಡುವುದಕ್ಕೆ ಸಂಬಂಧಿಸಿದ ‘ಇಸು’ ಧಾತುವಿಗೆ ಜೋಡಿಸಿ, ಕನ್ನಡದ್ದೇ ಪದ ಅಂದರು. ಒಪ್ಪದವರೂ ಇದ್ದಾರೆ. ಸುಮಾರು 2,250 ವರ್ಷ ಹಿಂದೆ ಈ ನೆಲದ ಜನ ಬೇರೆ ಏನೇನು ಮಾತಾಡಿದ್ದರೋ, ಬಂಡೆಗೆ ಹತ್ತಿದ್ದು ಈ ಊರ ಹೆಸರು. ಮಿಕ್ಕಿದ್ದೆಲ್ಲ ಗಾಳಿಗೆ. ಬರೆದಿಟ್ಟ ಪದಕ್ಕೆ ವಾದ ಮಾಡುವವರಾದರೂ ಇರುತ್ತಾರೆ, ಬರೆಯದ ಪದಕ್ಕೆ ಅದೂ ಇಲ್ಲ.

ಈಗಲೂ ನಮ್ಮಲ್ಲಿ ಅದೇ ಕಥೆ. ‘ಹಟ್ಟಿ’ ತಗೊಳ್ಳಿ. ಕರಾವಳಿಯಲ್ಲಿ ಹಟ್ಟಿ ಅಂದರೆ ದನದ ಕೊಟ್ಟಿಗೆ. ಚಳ್ಳಕೆರೆಯಲ್ಲಿ ಜನ ಬಾಳುವ ಊರು: ಗೊಲ್ಲರಹಟ್ಟಿ, ನಾಯಕನಹಟ್ಟಿ. ನೀಲಗಿರಿಯ ಬಡಗರಿಗೂ ಹಟ್ಟಿ ಅಂದರೆ ಊರೇ. ‘ಕಾವಲು’ ಅಂದರೆ ಬೆಂಗಳೂರಲ್ಲಿ ಗೇಟಿನ ಮುಂದಿನ ಪಹರೆ. ನಮ್ಮಲ್ಲಿ ಅಮೃತಮಹಲ್ ದನಗಳ ಹುಲ್ಲುಗಾವಲು. ಮೈಸೂರು ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಅನ್ನುತ್ತಿದ್ದ ಇಲಾಖೆಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. 2008–10ರ ಸುಮಾರಿಗೆ ಚಳ್ಳಕೆರೆ ತಾಲ್ಲೂಕಿನ ಈ ಕಾವಲುಗಳಲ್ಲಿ ಹತ್ತಿರ ಹತ್ತಿರ 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಅದರ ಸರಿತಪ್ಪು ಬೇರೆ ಚರ್ಚೆ. ನನ್ನ ಚಿಂತೆ ಇಷ್ಟೇ: ಹುಲ್ಲುಗಾವಲು ಹೋದರೆ ಕುರಿ ಹೋಗುತ್ತೆ. ಕುರಿ ಹೋದರೆ ಅದರ ಬಣ್ಣ, ವಯಸ್ಸು, ರೋಗಗಳಿಗಿದ್ದ ಹೆಸರು, ಹುಲ್ಲಿನ ಒಂದೊಂದು ಜಾತಿಗಿದ್ದ ಹೆಸರು, ಎಲ್ಲ ಅದರ ಹಿಂದೆಯೇ ಹೋಗುತ್ತವೆ.

ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿ ಓದು ಬರಹ ಬಾರದವರು, ಸಾವಿರಾರು ಪದ ಹಾಡಿದವರು. ಕೃಷ್ಣಮೂರ್ತಿ ಹನೂರು ಕೂತು ಕೇಳಿ ಬರೆದುಕೊಂಡರು, ‘ಸಾವಿರದ ಸಿರಿಬೆಳಗು’ ಬಂತು. ನಮ್ಮ ಸೊಲೊರ್ಸಾನೊ, ನಮ್ಮ ಹ್ಯಾರಿಂಗ್ಟನ್ ಅನ್ನಬಹುದು. ಆದರೆ ಹಾಡಿಗೆ ಸಿಗುವ ಮರ್ಯಾದೆ ಹಟ್ಟಿಯ ದಿನಬಳಕೆಯ ಪದಕ್ಕೆ ಸಿಗೋಲ್ಲ. ಮೊಳಕಾಲ್ಮುರು ರೇಷ್ಮೆ ಸೀರೆಗೆ ಜಿಐ ಮಾನ್ಯತೆ ಇದೆ. ಅದನ್ನು ನೇಯುವವರ ಮಾತಿಗೆ ಯಾವ ಮಾನ್ಯತೆ ಇದೆ? ಹಾಸು, ಹೊಕ್ಕು, ಲಾಳಿ, ಹಣಿಗೆ ಇವೆಲ್ಲ ನಿಘಂಟಲ್ಲಿವೆ. ಮಗ್ಗದ ಒಂದೊಂದು ಹಗ್ಗಕ್ಕೂ ಕಡ್ಡಿಗೂ ಇರುವ ಹೆಸರುಗಳು? ಪಕ್ಕದ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿ ಈ ಕೆಲಸವನ್ನು ಎಂದೋ ಮಾಡಿದರು: 1962ರಲ್ಲಿ ಬೇಸಾಯದ ಪದಕೋಶ, 1971ರಲ್ಲಿ ಕೈಮಗ್ಗದ್ದು, ಯಾವ ಪದ ಯಾವ ಕಡೆಯದ್ದು ಅನ್ನುವ ಗುರುತಿನ ಸಮೇತ. ಮೊಳಕಾಲ್ಮುರಿನಿಂದ ರಾಯದುರ್ಗ ಕೂಗಳತೆ. ಗಡಿಯಾಚೆಯ ಮಗ್ಗಕ್ಕೆ ಪದಕೋಶ ಬಂದು ಅರ್ಧ ಶತಮಾನ ದಾಟಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಕೆಲವು ವೃತ್ತಿಪದಕೋಶ ತಂದಿದೆ, ಒಳ್ಳೆಯದೇ. ಅವು ಅಲರ್ ಥರ ಮುಕ್ತ ದತ್ತಾಂಶವಾಗಿ ಸಿಗುವಂತಾದರೆ ಇನ್ನೂ ಒಳ್ಳೆಯದು.

ತಾಂತ್ರಿಕವಾಗಿ ಇದು ಕಷ್ಟದ ಕೆಲಸ ಅಲ್ಲವೇ ಅಲ್ಲ. ಅಲರ್ ನಡೆಯುವ ತಂತ್ರಾಂಶವೂ ಮುಕ್ತವಾಗಿ ಸಿಗುತ್ತದೆ. ಬೇಕಾದ್ದು ಐದು ಕಾಲಂ: ಪದ, ಅರ್ಥ, ಊರು, ಕಸುಬು, ಕೇಳಿದ ವರ್ಷ. ಊರು ಮತ್ತು ವರ್ಷದ ಕಾಲಂ ಎಲ್ಫ್ ನಿಘಂಟಿನವರಿಂದ ಕಲಿತದ್ದು. ಹೇಳಿದವರ ಧ್ವನಿ ಇದ್ದರೆ ಇನ್ನೂ ಚೆನ್ನ. ಊರಿಗೆ ಹೋದಾಗಲೆಲ್ಲ ನಾನೂ ಒಂದು ಫೈಲಿಗೆ ಇಂಥ ಪದ ಸೇರಿಸುತ್ತಿದ್ದೇನೆ, ಇನ್ನೂ ಮುನ್ನೂರು ದಾಟಿಲ್ಲ. ಇರುವ ನಿಘಂಟುಗಳ ಜೊತೆ ತಾಳೆ ನೋಡಿ, ಅಲ್ಲಿ ಇಲ್ಲದ್ದನ್ನು ಮುಕ್ತ ಪರವಾನಗಿಯಲ್ಲಿ ಹೊರಗಿಡುವ ಯೋಚನೆ ಇದೆ.

ಕಾಲಕೇಯರಿಗೆ 750 ಪದ ಕಟ್ಟಲು ಒಬ್ಬರು ಸಾಕಾದರು. ನಾವು ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ನಿಮ್ಮ ಅಜ್ಜಿ ದಿನಾ ಆಡುವ, ನೀವು ಪಟ್ಟಣಕ್ಕೆ ಬಂದಮೇಲೆ ನಿಲ್ಲಿಸಿದ ಹತ್ತು ಪದ ಬರೆದಿಡಿ. ಪಕ್ಕದಲ್ಲಿ ಊರಿನ ಹೆಸರು ಹಾಕೋದು ಮರೀಬೇಡಿ.