ಮೂರು ಪೆನ್ಸಿನ ಲೆಕ್ಕ

ಜುಲೈ 4ರ ಸಂಜೆ ಲಾಸ್ ಗ್ಯಾಟೋಸಿನ ಓಕ್ ಮೆಡೋ ಪಾರ್ಕಿನಲ್ಲಿ ಚಾಪೆ ಹಾಸಿಕೊಂಡು ಚುರುಮುರಿ ತಿನ್ನುತ್ತಿದ್ದೆವು. ಎಂಟನೇ ಕ್ಲಾಸಿನ ಮಗಳು ಕೇಳಿದಳು: "ಅಪ್ಪಾ, ನೀನು ಟ್ಯಾಕ್ಸ್ ಕಟ್ತೀಯ, ವೋಟು ಹಾಕಲ್ಲ. ಹಾಗಾದ್ರೆ ನೀನೂ ಟೀ ಎಸೀಬೇಕಲ್ವಾ?"

ಬಿ.ಕಾಂ., ಸಿ.ಎ. ಮಾಡಿದ ನನಗೆ ಇತಿಹಾಸ ಹೈಸ್ಕೂಲಿಗೇ ಮುಗಿದಿತ್ತು. ಆದರೆ ಇದು ಲೆಕ್ಕದ ಪ್ರಶ್ನೆ, ಬಿಡುವಂತಿರಲಿಲ್ಲ.

ಚಹಾದ ಬೆಲೆ ಏರಿಸಿದ್ದಕ್ಕೆ ಬಾಸ್ಟನ್ನಿನವರು ಸಿಟ್ಟಾದರು ಎಂದೇ ನಾನು ತಿಳಿದಿದ್ದೆ. ಓದಿದರೆ ಎಲ್ಲ ಉಲ್ಟಾ. ಸೋರಿಹೋಗುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು ಉಳಿಸಲು 1773ರ ಕಾಯ್ದೆ ಇಂಗ್ಲೆಂಡಿನಲ್ಲಿ ಕಟ್ಟಿದ ಸುಂಕವನ್ನು ವಾಪಸು ಕೊಟ್ಟು, ಅಮೆರಿಕಕ್ಕೆ ನೇರವಾಗಿ ಚಹಾ ಕಳಿಸಲು ಬಿಟ್ಟಿತು. ಚಹಾ ಅಗ್ಗವಾಯಿತು. ಉಳಿದದ್ದು ಪೌಂಡು ತೂಕಕ್ಕೆ ಮೂರು ಪೆನ್ಸ್, ಅದೂ ತಾವು ಆರಿಸದ ಪಾರ್ಲಿಮೆಂಟು ಹಾಕಿದ್ದು. ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆಗಳು ನೀರಿಗೆ ಬಿದ್ದವು. ಕಂಪನಿಗೆ 9,659 ಪೌಂಡು ನಷ್ಟ. (ಆ ಚಹಾ ನಮ್ಮ ದೇಶದ್ದಲ್ಲ, ಚೀನಾದ್ದು.)

ನನ್ನನ್ನು ಹೆಚ್ಚು ಕಾಡಿದ ವರ್ಷ 1765. ಏಳು ವರ್ಷದ ಯುದ್ಧದ ನಂತರ ಅಮೆರಿಕದಲ್ಲಿಟ್ಟ ಸೈನ್ಯದ ಖರ್ಚಿಗೆಂದು ಲಂಡನ್ ಅಮೆರಿಕದ ಮೇಲೆ ಛಾಪಾ ಕಾಗದದ ತೆರಿಗೆ ಹಾಕಿತು. ಇವರು ಗಲಾಟೆ ಮಾಡಿ ಮರುವರ್ಷವೇ ರದ್ದು ಮಾಡಿಸಿದರು. ಅದೇ 1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಕಂಪನಿಯ ಕೈಸೇರಿತು. ಛಾಪಾ ಕಾಗದವನ್ನು ನಾವು ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಸಾಲು ನಿಂತು ಕೊಂಡಿದ್ದೇವೆ.

ನಮ್ಮೂರು ಮಂಡ್ಯದ ಕಡೆ. ಹಾಗಾಗಿ ಒಂದು ಹಡಗಿನ ಹೆಸರು ಕಂಡು ಕುರ್ಚಿಯಿಂದ ಎದ್ದೇಬಿಟ್ಟೆ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ತನಗಿಂತ ಬಲವಾದ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಕ್ಯಾಪ್ಟನ್ ಜೋಶುವಾ ಬಾರ್ನಿ. ಹಡಗಿನ ಹೆಸರು 'ಹೈದರ್ ಆಲಿ'! ಶ್ರೀರಂಗಪಟ್ಟಣದ ಹೈದರನೇ, ಶತ್ರುವಿನ ಶತ್ರು ಎಂಬ ಅಭಿಮಾನ. ಅದಕ್ಕೂ ಹಿಂದಿನ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಸೋತಿದ್ದ ಕಾರ್ನ್‌ವಾಲಿಸ್ ನಮ್ಮ ಕಡೆ ಬಂದು, 1792ರಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ಒಪ್ಪಂದ, ಒತ್ತೆಗೆ ಇಬ್ಬರು ಮಕ್ಕಳನ್ನು ಪಡೆದ. ಇಲ್ಲಿ ಕಳೆದುಕೊಂಡವನು ಅಲ್ಲಿ ವಸೂಲು ಮಾಡಿಕೊಂಡ ಅನ್ನಿಸುತ್ತದೆ ನನಗೆ.

ಗೆದ್ದವರ ಖಾತೆಯೂ ಚೊಕ್ಕವಲ್ಲ. ಮೊದಲ ಒಕ್ಕೂಟಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಮುಂದೆ ಕೈಚಾಚಬೇಕಿತ್ತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಆ ಅಧಿಕಾರ ಬರೆದುಕೊಂಡರು. 1791ಕ್ಕೆ ವಿಸ್ಕಿಯ ಮೇಲೆ ಸುಂಕ ಬಂತು. ಅದೇ ಸಂವಿಧಾನದಲ್ಲಿ ಪ್ರಾತಿನಿಧ್ಯ ಲೆಕ್ಕ ಹಾಕುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲು ಎಂದು ಎಣಿಸಿದರು. ಎಷ್ಟೋ ಬ್ಯಾಲೆನ್ಸ್ ಶೀಟು ನೋಡಿದ್ದೇನೆ, ಇಂಥ ನಮೂದು ಕಂಡಿಲ್ಲ. ಆಗ ಈ ಲಾಸ್ ಗ್ಯಾಟೋಸ್ ಕಣಿವೆ ಆ ದೇಶದ್ದೇ ಅಲ್ಲ. ಒಲೋನಿ ಜನರ ನೆಲ, ಹಕ್ಕು ಸಾಧಿಸುತ್ತಿದ್ದುದು ಸ್ಪೇನ್.

ಮಗಳಿಗೆ ಇಷ್ಟೂ ಹೇಳಿದೆ. "ಸರಿ, ನೀನು?" ಎಂದಳು.

ಗ್ರೀನ್ ಕಾರ್ಡ್ ಬಂದು ಆರು ವರ್ಷ. ಪೌರತ್ವದ ಅರ್ಜಿ ಹಾಕಬಹುದು. ಪ್ರತಿಜ್ಞೆಯಲ್ಲಿ ಪರದೇಶದ ರಾಜ, ಪ್ರಭುತ್ವಗಳ ನಿಷ್ಠೆ ಬಿಟ್ಟೆ ಎನ್ನಬೇಕು. ನನ್ನ ದೇಶದಲ್ಲಿ ರಾಜನಿಲ್ಲ. 1950ರಿಂದ ಅದೂ ಗಣರಾಜ್ಯವೇ. ಎರಡೂ ಪೌರತ್ವ ಇಟ್ಟುಕೊಳ್ಳಲು ಭಾರತ ಬಿಡುವುದಿಲ್ಲ.

"ಅಜ್ಜಿಗೆ ಕೇಳಿದೆ. ನಿನ್ನಿಷ್ಟ ಅಂದ್ರು," ಎಂದೆ.

"ಹಾಗಂದ್ರೆ ಬೇಡ ಅಂತ ಅಪ್ಪಾ," ಎಂದಳು ಮಗಳು. ಅಷ್ಟರಲ್ಲಿ ಬ್ಯಾಂಡು ಶುರುವಾಯಿತು.